ಕೇಸೋನಳ ಸೀಸದ ತಾಯತ

ಕೇಸೋನಳ ಗಾಡಿ ಊರಿಗೆ ಬರುವುದಕ್ಕೆ ಮೊದಲೇ ಅವಳ ದನಿ ಬರುತ್ತಿತ್ತು. ಸರೋವರದ ದಂಡೆಯ ಸಥಿಂಗ್ ಪ್ರಾ ಕಡೆ ತಾಳೆಮರದ ಗದ್ದೆಗಳ ನಡುವೆ ರಸ್ತೆ ನೆಟ್ಟಗೆ ಹೋಗುತ್ತದೆ. ಗಾಡಿ ಇನ್ನೂ ಕಾಲುವೆಯ ಆಚೆ ಇರುವಾಗಲೇ ಹೆಂಗಸರು ಬಟ್ಟಲು ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು. ಅದೊಂದು ಹಳೆಯ ಪಿಕಪ್ ಗಾಡಿ. ಹಿಂಬದಿಯ ಕಬ್ಬಿಣದ ಚೌಕಟ್ಟಿನ ತುಂಬ ಪ್ಲಾಸ್ಟಿಕ್ ಚೀಲಗಳು ಜೋತಾಡುತ್ತಿದ್ದವು: ಮೂಲಂಗಿ, ಕಾಳಿನ ಮೊಳಕೆ, ಹಂದಿ ಮಾಂಸ, ಅವರೆಯಂತೆ ಬಿಡಿಸಿ ತಿನ್ನುವ ನಾರುವ ಸತೋ ಕಾಯಿ, ಸೀಗಡಿ ಗೊಜ್ಜು, ಬಂಗಡೆ. ಗಾಡಿ ಓಡಿಸುವವಳು ನಾದಿನಿ ಉಬೋನ್, ಕೂಗಿ ಮಾರುವವಳು ಕೇಸೋನ್.

ಬೇರೆ ಗಾಡಿಗಳವರು ಧ್ವನಿವರ್ಧಕಕ್ಕೆ ಟೇಪು ಹಾಕಿ ಸುಮ್ಮನಾಗುತ್ತಿದ್ದರು. ಬೆಳಗ್ಗೆ ಕೂಗಿದ್ದನ್ನೇ ಮಧ್ಯಾಹ್ನವೂ ಕೂಗುವ, ಬದನೆಕಾಯಿ ಮುಗಿದ ಮೇಲೂ ಬದನೆಕಾಯಿ ಬಂತು ಎನ್ನುವ ಟೇಪು. ಕೇಸೋನ್ ಅದನ್ನು ಕಂಡರೆ ಮೂಗು ಮುರಿಯುತ್ತಿದ್ದಳು. ಅವಳು ಮೈಕು ಹಿಡಿದರೆ ಊರಿನ ಸಮಾಚಾರವೇ ಸರಕಿನ ಜೊತೆ ಬರುತ್ತಿತ್ತು.

"ಸತೋ ಬಂತು, ಸತೋ. ತಿಂದವ್ರ ಬಾಯಿ ನಾರತ್ತೆ, ತಿನ್ನದವ್ರ ಬಾಯಲ್ಲಿ ನೀರೂರತ್ತೆ. ಏ ಮಾಲೀ, ನಿನ್ನ ಗಂಡ ಕಡಲಿಂದ ಬಂದ್ನಾ? ಬಂದಿದ್ರೆ ಹಂದಿ ಮಾಂಸ ತಗೋ. ಬಂದಿಲ್ಲ ಅಂದ್ರೆ ನಿಂಗೆ ಮೊಳಕೆ ಸಾಕು."

ಮಾಲಿ ಒಳಗಿನಿಂದಲೇ ಏನಾದರೂ ಬೈಯುತ್ತಿದ್ದಳು, ಆಮೇಲೆ ನಗುತ್ತ ಬಂದು ಎರಡೂ ಕೊಳ್ಳುತ್ತಿದ್ದಳು. ವ್ಯಾಪಾರ ನಡೆಯುತ್ತಿದ್ದದ್ದು ಈ ದನಿಯ ಮೇಲೆ. ಅದೇ ಬಂಗಡೆ, ಅದೇ ಮೂಲಂಗಿ ಎಲ್ಲರ ಗಾಡಿಯಲ್ಲೂ ಇತ್ತು.

ಇಂಥ ಕೇಸೋನ್ ಐವತ್ತು ದಾಟಿದ ಮೇಲೆ ಮೆತ್ತಗಾಗತೊಡಗಿದಳು. ಮೊದಲು ಕಿಡ್ನಿಯಲ್ಲಿ ಕಲ್ಲು ಬಂತು, ಹೋಯಿತು, ಮತ್ತೆ ಬಂತು. ಸದಾ ಬಾಯಾರಿಕೆ. ಒಂದು ಊರಿಂದ ಇನ್ನೊಂದು ಊರಿಗೆ ಹೋಗುವುದರೊಳಗೆ ಒಂದು ಬಾಟಲಿ ನೀರು ಮುಗಿಸಿ, ಸಿಕ್ಕಿದ ದೇವಸ್ಥಾನದ ಶೌಚಾಲಯದ ಮುಂದೆಲ್ಲ ಗಾಡಿ ನಿಲ್ಲಿಸಬೇಕಾಗುತ್ತಿತ್ತು. ಸೊಂಟ, ಮೊಣಕಾಲು, ಪಕ್ಕೆ ಎಲ್ಲ ಕಡೆ ಮೂಳೆಯೊಳಗೇ ಕೊರೆದ ಹಾಗೆ ನೋವು. ಯಾರಿಗೆ ಯಾವ ಚೀಲ ಕೊಟ್ಟೆ ಎಂಬುದು ಮರೆತುಹೋಗುತ್ತಿತ್ತು. ಗಿರಾಕಿಗಳ ಮೇಲೆ ಸಿಡುಕುವುದು ಶುರುವಾಯಿತು. ಒಂದು ದಿನ ಮೈಕು ಹಿಡಿದುಕೊಂಡೇ ನಿದ್ದೆ ಹೋದಳು. ಎರಡು ಊರು ಪೂರ್ತಿ ಅವಳ ಗೊರಕೆ ಕೇಳಿಸಿಕೊಂಡವು.

"ಸೋಮಾರಿತನಕ್ಕೆ ಮೂಳೆನೋವು ಅಂತ ಹೆಸರಿಟ್ಟಿದ್ದಾಳೆ ನಮ್ಮತ್ತಿಗೆ," ಎಂದು ಉಬೋನ್ ಗಿರಾಕಿಗಳ ಮುಂದೆ ಆಡಿಕೊಂಡಳು. ಉಬೋನಳ ನಾಲಿಗೆ ಮೊದಲಿಂದಲೂ ಹಾಗೆಯೇ. ಆದರೂ ಮರುದಿನ ಅತ್ತಿಗೆಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅವಳೇ. ಅಲ್ಲಿ ರಕ್ತ ತೆಗೆದು ನೋಡಿ, ಕ್ಯಾಲ್ಸಿಯಂ ಬಹಳ ಏರಿದೆ, ಅಂದರೆ ರಕ್ತದಲ್ಲಿ ಸುಣ್ಣದ ಅಂಶ ಮಿತಿಮೀರಿದೆ ಎಂದರು.

"ಸುಣ್ಣವಾ?" ಎಂದಳು ಉಬೋನ್. "ಇವಳಮ್ಮ ಜೀವಮಾನ ಪೂರ್ತಿ ಎಲೆಗೆ ಸುಣ್ಣ ಹಚ್ಚಿದ್ಲು. ಅದು ಇವಳಿಗೆ ಬಂತಾ?"

ಡಾಕ್ಟರಿಗೆ ನಗು ತಡೆಯುವುದು ಕಷ್ಟವಾಯಿತು. ಎಲೆಯ ಸುಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿ ಪಟ್ಟಣದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಪಟ್ಟಣದಲ್ಲಿ ಅವಳನ್ನು ನೋಡಿದ ಸರ್ಜನ್ ಅನುವತ್ ಎನ್ನುವವರು. ಮೆಲುದನಿಯ ಮನುಷ್ಯ, ಕೈಬೆರಳುಗಳಲ್ಲೇ ಅರ್ಧ ಮಾತಾಡುವವರು. ತಮ್ಮ ಕತ್ತನ್ನೇ ಮುಟ್ಟಿಕೊಂಡು ವಿವರಿಸಿದರು.

"ಇಲ್ಲಿ ಥೈರಾಯ್ಡ್ ಇದೆಯಲ್ಲಮ್ಮ, ಅದರ ಹಿಂದೆ ಅಕ್ಕಿ ಕಾಳಿನಷ್ಟು ಸಣ್ಣ ಗ್ರಂಥಿಗಳು ನಾಲ್ಕು ಅಂಟ್ಕೊಂಡಿರತ್ವೆ. ಪ್ಯಾರಾಥೈರಾಯ್ಡ್ ಅಂತೀವಿ. ಮೈಯಲ್ಲಿ ಸುಣ್ಣ ಎಷ್ಟಿರಬೇಕು ಅಂತ ನೋಡ್ಕೊಳ್ಳೋದು ಅವುಗಳ ಕೆಲಸ. ನಿಮ್ಮಲ್ಲಿ ಒಂದು ಕೆಟ್ಟು ಗಡ್ಡೆ ಆಗಿದೆ. ಅದು ಮೂಳೆಯಿಂದ ಸುಣ್ಣ ಎಳೆದು ರಕ್ತಕ್ಕೆ ಸುರೀತಾ ಇದೆ. ಆ ಒಂದನ್ನ ತೆಗೆದ್ರೆ ಎಲ್ಲ ಸರಿಹೋಗತ್ತೆ."

"ತೆಗೀರಿ ಮತ್ತೆ," ಎಂದಳು ಕೇಸೋನ್.

"ಎಲ್ಲಿದೆ ಅಂತ ಮೊದಲು ಗೊತ್ತಾಗಬೇಕಲ್ಲ. ಎಲ್ಲಿದೆ ಅಂತ ತಿಳಿದ್ರೆ ಸಣ್ಣ ಗಾಯ ಮಾಡಿ ಅದೊಂದನ್ನೇ ತೆಗೀತೀನಿ. ತಿಳೀಲಿಲ್ಲ ಅಂದ್ರೆ ಕತ್ತು ಎರಡೂ ಕಡೆ ತೆರೆದು ಹುಡುಕಬೇಕು. ಅಲ್ಲೇ ಪಕ್ಕದಲ್ಲಿ ದನಿಯ ನರ ಹೋಗತ್ತೆ. ಎಷ್ಟು ಜೋಪಾನ ಮಾಡಿದ್ರೂ ಕೆಲವರಿಗೆ ಅದು ನೋಯತ್ತೆ. ಆಮೇಲೆ ದನಿ ಕಟ್ಟತ್ತೆ, ಗಟ್ಟಿಯಾಗಿ ಕೂಗೋಕ್ಕಾಗಲ್ಲ."

ಕೇಸೋನ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೂಳೆ ನೋವಾದರೆ ಕುಳಿತು ಮಾರಬಹುದು, ಕಲ್ಲು ಬಂದರೆ ಕಿರುಚಿ ಕಳೆಯಬಹುದು. ದನಿ ಹೋದರೆ ಟೇಪು ಹಾಕಬೇಕು. ಟೇಪು ಹಾಕಿದ ಕೇಸೋನ್ ಯಾರಿಗೆ ಬೇಕು ಎಂದು ಅವಳಿಗೆ ನಿಜವಾಗಿ ಭಯವಾಯಿತು.

ಮೊದಲು ಕತ್ತಿನ ಮೇಲೆ ಅಂಟುನೀರು ಸವರಿ ಅಲ್ಟ್ರಾಸೌಂಡ್ ಮಾಡಿದರು. ಏನೂ ಕಾಣಲಿಲ್ಲ. ಆಮೇಲೆ ಅಣು ವಿಭಾಗದಲ್ಲಿ ಸ್ಕ್ಯಾನ್ ಎಂದರು. ಕೈಯ ನರಕ್ಕೆ ಒಂದು ಮದ್ದು ಚುಚ್ಚುತ್ತಾರೆ, ಆ ಮದ್ದಿನಿಂದ ಕಣ್ಣಿಗೆ ಕಾಣದ ಕಿರಣ ಬರುತ್ತದೆ, ಕ್ಯಾಮೆರಾ ಅದನ್ನು ಹಿಡಿದು ಚಿತ್ರ ಮಾಡುತ್ತದೆ. ಚುಚ್ಚಿದ ಕೂಡಲೇ ಒಂದು ಚಿತ್ರ, ಎರಡು ಗಂಟೆ ಬಿಟ್ಟು ಇನ್ನೊಂದು.

"ಎರಡು ಯಾಕೆ ಡಾಕ್ಟ್ರೇ?" ಎಂದು ಕೇಳಿದ್ದು ಉಬೋನ್.

"ಮೊದಲು ಎಲ್ಲ ಗ್ರಂಥೀನೂ ಮದ್ದು ಹೀರ್ಕೊಳ್ಳತ್ತೆ. ಹೊತ್ತು ಹೋದ ಹಾಗೆ ಒಳ್ಳೇದು ಬಿಟ್ಟುಬಿಡತ್ತೆ. ಕೆಟ್ಟದ್ದು ಮಾತ್ರ ಬಿಡದೆ ಹಿಡ್ಕೊಂಡೇ ಇರತ್ತೆ."

"ಬಿಡದೆ ಹಿಡ್ಕೊಳ್ಳೋದಾ? ಹಾಗಾದ್ರೆ ಅದು ನಮ್ಮತ್ತಿಗೇದೇ," ಎಂದಳು ಉಬೋನ್, ಕಣ್ಣು ಅತ್ತಿಗೆಯ ಕೊರಳ ಮೇಲೆ ಇಟ್ಟು.

ಕೇಸೋನ್ ಕೇಳಿಸದವಳಂತೆ ಗೋಡೆ ನೋಡಿದಳು. ಆ ಮಾತಿನ ಬೇರು ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ಕೇಸೋನಳ ಗಂಡ ಕ್ಲಾಯ್, ಸರೋವರದಲ್ಲಿ ಬೀಸುಬಲೆ ಹಾಕುತ್ತಿದ್ದವನು. ಕೇಸೋನ್ ಗಾಡಿ ಶುರುಮಾಡಿದ ಹೊಸದರಲ್ಲಿ ಸಂತೆಗೆ ಹೋಗುವ ದಾರಿಯಲ್ಲಿ ದರೋಡೆಯ ಕಾಟವಿತ್ತು. ಬೆಳಕು ಹರಿಯುವ ಮೊದಲೇ ಸೊಂಟದಲ್ಲಿ ದುಡ್ಡು ಕಟ್ಟಿಕೊಂಡು ಹೋಗುವ ಹೆಂಗಸು ಕಳ್ಳರಿಗೆ ಹಬ್ಬದೂಟ. ಕ್ಲಾಯ್‌ಗೆ ನಿದ್ದೆ ಬರಲಿಲ್ಲ. ತನ್ನ ಬಲೆಯ ಅಂಚಿನ ಸೀಸದ ಗುಂಡುಗಳನ್ನು ಬಿಚ್ಚಿ, ಕರಗಿಸಿ, ಬಡಿದು ಹಾಳೆ ಮಾಡಿ, ಗುಡ್ಡದ ಮಠದ ಮುದಿ ಭಿಕ್ಷುವಿನ ಹತ್ತಿರ ಒಯ್ದ. ಭಿಕ್ಷು ಅದರ ಮೇಲೆ ಮಂತ್ರಾಕ್ಷರ ಕೊರೆದು, ಸುರುಳಿ ಸುತ್ತಿ, ಬೆರಳಿನ ಗಾತ್ರದ ತಾಯತ ಮಾಡಿಕೊಟ್ಟರು. ಮರೆಮಾಚುವ ತಾಯತ ಅದು. ಕಟ್ಟಿಕೊಂಡವರು ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ. ಸೊಂಟದ ಕೆಳಗೆ ಇಳಿಸಬಾರದು, ನೆಲಕ್ಕೆ ಇಡಬಾರದು, ಉಟ್ಟ ಬಟ್ಟೆಯ ರಾಶಿಯಲ್ಲಿ ಸೇರಿಸಬಾರದು ಎಂದು ಹೇಳಿಯೂ ಕಳಿಸಿದರು.

ಕೇಸೋನ್ ನಕ್ಕಿದ್ದಳು. "ನನ್ನ ದನಿ ಮೂರು ಊರಿಗೆ ಕೇಳತ್ತೆ, ನಿನ್ನ ತಾಯತ ನನ್ನ ಎಲ್ಲಿ ಬಚ್ಚಿಡತ್ತೆ?" ಎಂದಿದ್ದಳು. ಆದರೂ ಕಟ್ಟಿಕೊಂಡಳು. ಆ ದಾರಿಯಲ್ಲಿ ಬೇರೆಯವರು ಕಳೆದುಕೊಂಡರು, ಅವಳನ್ನು ಒಬ್ಬನೂ ತಡೆಯಲಿಲ್ಲ.

ಮುಂದಿನ ಮಳೆಗಾಲದಲ್ಲಿ ಗಾಳಿಗೆ ದೋಣಿ ಮಗುಚಿ ಕ್ಲಾಯ್ ಸರೋವರದಲ್ಲಿ ಸತ್ತ. ಸುಡುವ ದಿನ ಉಬೋನ್ ಎಲ್ಲರೆದುರು ಅತ್ತಿಗೆಯ ಮುಂದೆ ಬಂದು ನಿಂತಳು. "ನಮ್ಮಣ್ಣ ತನ್ನ ಬಲೆ ಸೀಸ ಬಿಚ್ಚಿ ನಿನ್ನ ಕೊರಳಿಗೆ ಕಟ್ಟಿದ. ಅವನ ಕೊರಳಲ್ಲಿ ಏನಿತ್ತು ಹೇಳು," ಎಂದಳು. ಆಮೇಲೆ ಅಳುತ್ತ, ಅಣ್ಣನ ಕೈಯಲ್ಲಿ ಮಾಡಿದ್ದು ಒಂದಾದರೂ ನನಗಿರಲಿ, ಅದನ್ನು ಕೊಡು ಎಂದು ಕೇಳಿದಳು. ಕೇಸೋನ್ ಕೊಡಲಿಲ್ಲ. ಅಂದಿನಿಂದ ಇಬ್ಬರೂ ಒಂದೇ ಗಾಡಿಯಲ್ಲಿ ಹೋಗಿ, ಒಂದೇ ಬುತ್ತಿಯಲ್ಲಿ ಉಂಡು, ಆ ವಿಷಯ ಮಾತ್ರ ಎತ್ತಿದ್ದಿಲ್ಲ.

ಸ್ಕ್ಯಾನಿನ ದಿನ ಬಾಗಿಲಲ್ಲಿದ್ದ ಹುಡುಗ, "ಚಿನ್ನ, ಬೆಳ್ಳಿ, ಗಡಿಯಾರ, ಲೋಹದ್ದೇನಿದ್ರೂ ತೆಗೆದಿಟ್ಟು ಈ ಅಂಗಿ ಹಾಕ್ಕೊಂಡು ಬನ್ನಿ," ಎಂದು ಹೇಳಿದ. ಕೇಸೋನ್ ಓಲೆ, ಸರ ಬಿಚ್ಚಿ ಉಬೋನಳ ಕೈಗೆ ಕೊಟ್ಟಳು. ಒಳಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನೆಲದ ಮೇಲೆ ಒಂದು ಪ್ಲಾಸ್ಟಿಕ್ ಬುಟ್ಟಿ ಇತ್ತು. ಅದರಲ್ಲಿ ಯಾರದೋ ಪ್ಯಾಂಟು, ಯಾರದೋ ಲುಂಗಿ, ಅದಕ್ಕೆ ಒರಗಿಕೊಂಡು ಚಪ್ಪಲಿಗಳು. ತಾಯತವನ್ನು ಅಲ್ಲಿ ಹಾಕುವುದು ಅವಳ ಕೈಲಾಗಲಿಲ್ಲ. ಉಬೋನಳಿಗೆ ಕೊಡಬಹುದಿತ್ತು. ಕೊಟ್ಟರೆ ಅದು ವಾಪಸ್ಸು ಬರುತ್ತದೆಯೇ ಎಂಬುದು ಅವಳ ಅನುಮಾನ. ದಾರ ಬಿಚ್ಚಿ, ತಾಯತವನ್ನು ಕುತ್ತಿಗೆಯ ಗುಳಿಗಿಂತ ಸ್ವಲ್ಪ ಕೆಳಗೆ, ಒಳರವಿಕೆಯೊಳಗೆ ಅಡ್ಡಲಾಗಿ ಇಟ್ಟು ಬಟ್ಟೆಪಿನ್ನು ಹಾಕಿದಳು. ಮೇಲೆ ಆಸ್ಪತ್ರೆಯ ಅಂಗಿ.

"ಎಲ್ಲ ತೆಗೆದ್ರಾ?" ಎಂದ ಹುಡುಗ.

"ತೆಗೆದೆ," ಎಂದಳು. ತಾಯತ ಆಭರಣವಲ್ಲ, ಹಾಗಾಗಿ ಅದು ಸುಳ್ಳೂ ಅಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು. ಮರ್ಯಾದೆಯ ಹುಡುಗ, ತಾಯಿಯ ವಯಸ್ಸಿನ ಹೆಂಗಸಿನ ರವಿಕೆ ತಡಕಿ ನೋಡುತ್ತಾನೆಯೇ? ಅಲ್ಲಿದ್ದದ್ದು ಹಳೆಯ ಕ್ಯಾಮೆರಾ, ಈಗಿನವುಗಳ ಹಾಗೆ ಮೈಯನ್ನು ಹೋಳು ಹೋಳಾಗಿ ತೋರಿಸುವಂಥದ್ದಲ್ಲ. ಎದೆಯ ಮೇಲೆ ಬಂದು ನಿಂತು ಮುಂದಿನಿಂದ ನೋಡಿತು. ಎರಡು ಗಂಟೆ ಬಿಟ್ಟು ಮತ್ತೆ ನೋಡಿತು.

ಏನೂ ಕಾಣಲಿಲ್ಲ.

ಡಾಕ್ಟರ್ ಅನುವತ್ ಬಹಳ ಹೊತ್ತು ಚಿತ್ರ ಹಿಡಿದು ನೋಡಿದರು. ರಕ್ತ ಮತ್ತೆ ಪರೀಕ್ಷೆ ಮಾಡಿಸಿದರು, ಸುಣ್ಣ ಇನ್ನೂ ಏರಿತ್ತು. "ಇನ್ನೊಂದೇ ಸಲ ಸ್ಕ್ಯಾನ್ ಮಾಡಿಸೋಣಮ್ಮ. ಆಗಲೂ ಕಾಣಲಿಲ್ಲ ಅಂದ್ರೆ ಮುಂದಕ್ಕೆ ಹಾಕೋಕ್ಕಾಗಲ್ಲ. ನಿಮ್ಮ ಕಿಡ್ನಿ ಕಾಯಲ್ಲ. ಕತ್ತು ತೆರೆದೇ ಹುಡುಕ್ತೀನಿ," ಎಂದರು.

ಕಾಯುವ ದಿನಗಳಲ್ಲಿ ಕೇಸೋನ್ ಜಾಸ್ತಿ ಕೂಗಿದಳು. ಖಾಲಿ ಗದ್ದೆಗಳ ನಡುವೆಯೂ, ಕೊಳ್ಳುವವರು ಯಾರೂ ಇಲ್ಲದ ಕಡೆಯೂ ಮೈಕು ಬಾಯಿಗೆ ಹಿಡಿದೇ ಇರುತ್ತಿದ್ದಳು.

"ಯಾರಿಗೆ ಕೂಗ್ತಿದ್ದೀಯ, ಕೊಕ್ಕರೆಗಾ?" ಎಂದಳು ಉಬೋನ್.

"ಇರೋ ತನಕ ಕೂಗ್ತೀನಿ ಬಿಡು."

ಉಬೋನ್ ಗಾಡಿಯನ್ನು ನಿಧಾನ ಮಾಡಿ, ಕೊಕ್ಕರೆಗಳಿಗೂ ಚೆನ್ನಾಗಿ ಕೇಳಿಸುವ ಹಾಗೆ ಓಡಿಸಿದಳು.

ಎರಡನೆಯ ಸಲ ಹೋದಾಗ ಸ್ಕ್ಯಾನ್ ಕೋಣೆಯಲ್ಲಿ ಆ ಹುಡುಗನಿರಲಿಲ್ಲ. ಸುರೈದಾ ಎನ್ನುವ ಹುಡುಗಿ ಇದ್ದಳು. ತಲೆಗೆ ತಿಳಿನೀಲಿ ವಸ್ತ್ರ ಸುತ್ತಿಕೊಂಡ, ಸರೋವರದ ಆಚೆ ದಡದ ಮುಸಲ್ಮಾನರ ಮನೆಯ ಹುಡುಗಿ. ಮಾತು ತುಂಬ. ಕೇಸೋನಳ ದನಿ ಕೇಳಿದವಳೇ ಗುರುತು ಹಿಡಿದಳು.

"ನೀವು ಗಾಡಿ ದೊಡ್ಡಮ್ಮ ಅಲ್ವಾ? ನಮ್ಮ ಚಿಕ್ಕಮ್ಮನ್ನ ನಿಮ್ಮ ಕಡೆ ಕೊಟ್ಟಿರೋದು. ಅಲ್ಲಿಗೆ ಹೋದಾಗ ಕೇಳಿದ್ದೀನಿ. ನಮ್ಮ ಚಿಕ್ಕಪ್ಪನ ಹೊಟ್ಟೆ ಬಗ್ಗೆ ಮೈಕಲ್ಲಿ ಹಾಡಿದ್ರಿ."

"ಹಾಡಿದ್ದಲ್ಲ ಮಗಳೇ. ಕುಂಬಳಕಾಯಿ ಮಾರ್ತಿದ್ದೆ, ಅವನು ಎದುರಿಗೆ ಬಂದ."

ಕೇಸೋನ್ ಈ ಸಲವೂ ತಾಯತವನ್ನು ಒಳರವಿಕೆಗೆ ಪಿನ್ನು ಹಾಕಿ ಬಂದಿದ್ದಳು. ಬುಟ್ಟಿ ಅದೇ ಜಾಗದಲ್ಲಿ ನೆಲದ ಮೇಲೆ ಇತ್ತು, ಅನುಮಾನವೂ ಅದೇ ಜಾಗದಲ್ಲಿತ್ತು.

ಸುರೈದಾ ಮದ್ದು ತಂದಳು. ಮುಷ್ಟಿಯಷ್ಟೇ ಇದ್ದ ಡಬ್ಬಿ, ಎರಡೂ ಕೈಯಲ್ಲಿ ಹಿಡಿದಿದ್ದಳು. ಮೇಜಿನ ಮೇಲಿಟ್ಟಾಗ ದೊಪ್ಪೆಂದು ಸದ್ದಾಯಿತು.

"ಇಷ್ಟು ಸಣ್ಣ ಡಬ್ಬಿಗೆ ಅಷ್ಟು ಭಾರವಾ?" ಎಂದಳು ಕೇಸೋನ್. ತೂಕದ ವಿಷಯ ಅವಳಿಗೆ ಕಣ್ಣಲ್ಲೇ ತಿಳಿಯುತ್ತಿತ್ತು.

"ಸೀಸ ದೊಡ್ಡಮ್ಮ. ಮದ್ದಿಂದ ಕಿರಣ ಬರತ್ತಲ್ಲ, ಸುಮ್ನೆ ಇಟ್ರೆ ದಿನಾ ನಮ್ಮ ಮೈಗೆ ಬೀಳತ್ತೆ. ಸೀಸ ಇದ್ರೆ ದಾಟಲ್ಲ."

"ದಪ್ಪ ಇರ್ಬೇಕೇನೋ."

"ತೆಳ್ಳಗಿದ್ರೂ ಬಹಳ ತಡೆಯತ್ತೆ. ನಮ್ಮ ಬಾಗಿಲೊಳಗೆ ಬರೀ ಹಾಳೆ ಇರೋದು."

ಕೇಸೋನ್ ಡಬ್ಬಿಯನ್ನೇ ನೋಡುತ್ತ ಕೇಳಿದಳು. "ಮತ್ತೆ ಆ ಕ್ಯಾಮೆರಾ? ಸೀಸದ ಹಿಂದೆ ಇರೋದು ಅದಕ್ಕೆ ಕಾಣತ್ತಾ?"

"ಎಲ್ಲಿಂದ ಕಾಣತ್ತೆ ದೊಡ್ಡಮ್ಮ? ಕಿರಣ ಬಂದ್ರೆ ತಾನೆ ಕಾಣೋದು." ಸುರೈದಾ ಅಷ್ಟು ಹೇಳಿ ನರ ಹುಡುಕಿ ಸೂಜಿ ಚುಚ್ಚಿದಳು.

ಕೇಸೋನಳಿಗೆ ಸೂಜಿ ಚುಚ್ಚಿದ್ದು ತಿಳಿಯಲಿಲ್ಲ. ಮಂಚದ ಮೇಲೆ ಮಲಗಿದಳು, ಕ್ಯಾಮೆರಾ ಎದೆಯ ಮೇಲೆ ಬಂದು ನಿಂತಿತು. ಹೇಳಬೇಕು ಎಂದುಕೊಂಡಳು. ಮೂರು ಊರಿಗೆ ಕೇಳುವ ದನಿ ಗಂಟಲಿನಿಂದ ಮೇಲೆ ಬರಲೇ ಇಲ್ಲ. ಮೊದಲ ಚಿತ್ರ ತಾಯತದ ಸಮೇತವೇ ಮುಗಿಯಿತು. "ಇನ್ನು ಎರಡು ಗಂಟೆ ಬಿಟ್ಟು ಬನ್ನಿ. ಮಕ್ಕಳು, ಬಸುರಿಯರ ಹತ್ತಿರ ಕೂರ್ಬೇಡಿ," ಎಂದು ಸುರೈದಾ ಕಳಿಸಿದಳು.

ಹೊರಗೆ ಮರದ ಕೆಳಗಿನ ಬೆಂಚಿನಲ್ಲಿ ಉಬೋನ್ ಸಂತೆಯಿಂದ ತಂದ ಸತೋ ಕಾಯಿ ಬಿಡಿಸುತ್ತಿದ್ದಳು. ಅತ್ತಿಗೆ ಬರುವುದನ್ನು ಕಂಡು, "ಅಲ್ಲೇ, ಆ ಬೆಂಚಲ್ಲೇ ಕೂತ್ಕೋ. ನಿನ್ನ ಮೈಯಿಂದ ಕಿರಣ ಬರತ್ತಂತೆ. ನಂಗಿನ್ನೂ ಬದುಕೋದಿದೆ," ಎಂದಳು. ಹೇಳಿ, ಅನ್ನದ ಪೊಟ್ಟಣವನ್ನು ಕೈಚಾಚಿ ಅತ್ತ ಸರಿಸಿದಳು.

ಕೇಸೋನ್ ಪೊಟ್ಟಣ ಬಿಚ್ಚಲಿಲ್ಲ. ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ ಎಂದು ಭಿಕ್ಷು ಹೇಳಿದ್ದು ತಲೆಯಲ್ಲಿ ಸುತ್ತುತ್ತಿತ್ತು. ಕಳ್ಳರಿಗೆ ಕಾಣಿಸಲಿಲ್ಲ ಸರಿ, ಡಾಕ್ಟರಿಗೂ ಕಾಣಿಸದ ಹಾಗೆ ಮಾಡಬೇಕಿತ್ತೇ? ಸತ್ತವನ ಮೇಲೆ ಅವಳಿಗೆ ಸಿಟ್ಟು ಬಂತು. ಬದುಕಿದ್ದಾಗಲೂ ಹಾಗೆಯೇ ಇದ್ದ, ಹೇಳಿದ್ದಕ್ಕಿಂತ ಎರಡರಷ್ಟು ಮಾಡುತ್ತಿದ್ದ. ಒಂದು ಮೀನು ತಾ ಎಂದರೆ ಬುಟ್ಟಿ ತುಂಬ ತಂದು ಕೊಳೆಸುತ್ತಿದ್ದ. ಸಿಟ್ಟಿನ ಹಿಂದೆಯೇ ಅಳು ಬಂತು. ಅವನ ಬೆರಳು ಬಡಿದ ಸೀಸ ಅದು. ಅವನನ್ನು ಸುಟ್ಟ ದಿನದಿಂದ ಒಂದು ಗಳಿಗೆಯೂ ಅದನ್ನು ಎದೆಯಿಂದ ಇಳಿಸಿರಲಿಲ್ಲ. ಇಳಿಸಿದರೆ ಕೆಟ್ಟದ್ದಾಗುತ್ತದೆ ಎಂಬ ಹೆದರಿಕೆ ಅಷ್ಟೇನಿರಲಿಲ್ಲ. ಇಳಿಸಿದರೆ ಅವನು ನಿಜವಾಗಿಯೂ ಇಲ್ಲ ಎಂದಾಗುತ್ತದೆ, ಅದೇ ಅವಳ ಸಂಕಟ.

ಇನ್ನೊಂದು ಕಡೆ ಕತ್ತು ಇತ್ತು, ಅದರೊಳಗೆ ದನಿ ಇತ್ತು. ಅದರ ಮೇಲೆ ಇಬ್ಬರ ಅನ್ನ ಇತ್ತು.

ಅವಳು ಎದ್ದು ಕಂಬದ ಮರೆಗೆ ಹೋಗಿ ಪಿನ್ನು ಬಿಚ್ಚಿದಳು. ಸೊಂಟಕ್ಕೆ ಕಟ್ಟಿಕೊಂಡಿದ್ದ ಅದರ ದಾರ ಬಿಚ್ಚಿ ತಾಯತ ಪೋಣಿಸಿ, ಹಣೆಗೊತ್ತಿಕೊಂಡು ಉಬೋನಳ ಮುಂದೆ ಬಂದು ನಿಂತಳು.

"ಕತ್ತು ಬಗ್ಗಿಸು."

ಉಬೋನ್ ತಲೆಯೆತ್ತಿದಳು. ಅತ್ತಿಗೆಯ ಕೈಯಲ್ಲಿದ್ದದ್ದು ಏನೆಂದು ಕಂಡವಳ ಮಡಿಲಿಂದ ಸತೋ ಕಾಯಿ ಜಾರಿ ಬಿತ್ತು. "ಏನಿದು? ಸಾಯೋಕ್ಕೆ ಹೊರಟಿದ್ದೀಯಾ?"

"ಸೀಸದ ಹಿಂದೆ ಇರೋದು ಮೆಷಿನ್ನಿಗೆ ಕಾಣಲ್ವಂತೆ. ಹೋದ ಸಲಾನೂ ಇದು ನನ್ನೆದೆ ಮೇಲಿತ್ತು."

ಉಬೋನ್ ನಿಧಾನವಾಗಿ ಕೇಳಿದಳು. "ಹೋದ ಸಲ ಓಲೆ ಕೊಟ್ಟೆ, ಸರ ಕೊಟ್ಟೆ. ಇದನ್ನ ಯಾಕೆ ನನ್ನ ಕೈಗೆ ಕೊಡ್ಲಿಲ್ಲ?"

"ವಾಪಸ್ ಕೊಡಲ್ವೇನೋ ಅಂತ."

"ಕೊಡ್ತಿರ್ಲಿಲ್ಲ," ಎಂದಳು ಉಬೋನ್.

 ಉಬೋನ್ ಸತೋ ನಾರುವ ಕೈಯನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡು, ಬೆಂಚಿನಿಂದ ಮುಂದೆ ಬಾಗಿ ಕತ್ತು ಚಾಚಿದಳು. ಕೇಸೋನ್ ದಾರ ಕಟ್ಟಿದಳು. ಕಟ್ಟುವಾಗ ನಾದಿನಿಯ ಕತ್ತಿನ ಹಿಂದೆ, ಕ್ಲಾಯ್‌ಗೆ ಇದ್ದ ಜಾಗದಲ್ಲೇ, ಅಂಥದ್ದೇ ಒಂದು ಮಚ್ಚೆ ಕಂಡಿತು. ಇಷ್ಟು ವರ್ಷ ಪಕ್ಕದಲ್ಲೇ ಕುಳಿತು ಅವಳು ಅದನ್ನು ನೋಡಿರಲಿಲ್ಲ.

ಎರಡನೆಯ ಚಿತ್ರ ತೆಗೆಯುವಾಗ ಸುರೈದಾ ಮಾತಾಡುತ್ತಲೇ ಇದ್ದಳು. ಅವಳ ಚಿಕ್ಕಪ್ಪನ ಹೊಟ್ಟೆಯ ಕಥೆ ಮುಗಿದಿರಲಿಲ್ಲ. ನಡುವೆ ಥಟ್ಟನೆ ಸುಮ್ಮನಾದಳು. ಪರದೆಯ ಹತ್ತಿರ ಮುಖ ಒಯ್ದು, ಬೆಳಗಿನ ಚಿತ್ರವನ್ನೂ ಪಕ್ಕಕ್ಕೆ ತಂದಿಟ್ಟುಕೊಂಡು ನೋಡಿದಳು.

"ದೊಡ್ಡಮ್ಮ, ಬೆಳಗ್ಗೆ ನಿಮ್ಮ ಎದೆ ಮೇಲೆ ಏನಿತ್ತು?"

"ಯಾಕೆ?"

"ಬೆಳಗಿನ ಚಿತ್ರದಲ್ಲಿ ಇಲ್ಲಿ ಒಂದು ಮಸುಕು ಪಟ್ಟಿ ಇದೆ. ಈಗ ಅದೇ ಜಾಗದಲ್ಲಿ ಒಂದು ಚುಕ್ಕೆ ಇದೆ."

ಕೇಸೋನ್ ಮಲಗಿದಲ್ಲಿಂದಲೇ ಎಲ್ಲವನ್ನೂ ಹೇಳಿದಳು, ಬುಟ್ಟಿಯ ವಿಷಯವನ್ನೂ. ಸುರೈದಾ ಬೈಯಲಿಲ್ಲ. "ಆ ಬುಟ್ಟೀನ ಮೇಲಿಡಿ ಅಂತ ನಾನೂ ಎಷ್ಟೋ ಸಲ ಹೇಳಿದ್ದೀನಿ," ಎಂದಷ್ಟೇ ಹೇಳಿ ಡಾಕ್ಟರನ್ನು ಕರೆಯಲು ಹೋದಳು. ಪಕ್ಕದಿಂದಲೂ, ಓರೆಯಾಗಿಯೂ ಇನ್ನಷ್ಟು ಚಿತ್ರ ತೆಗೆದರು. ಚುಕ್ಕೆ ಅಲ್ಲೇ ಇತ್ತು. ಕತ್ತಿನಲ್ಲಲ್ಲ, ಎದೆಯ ಮೂಳೆಯ ಹಿಂದೆ.

ಡಾಕ್ಟರ್ ಅನುವತ್ ಆ ಚಿತ್ರವನ್ನು ಇಬ್ಬರಿಗೂ ತೋರಿಸಿದರು. ಕಪ್ಪು ಹಾಳೆಯಲ್ಲಿ ಬೆಳ್ಳಗೆ ಹೃದಯ, ಅದರ ಮೇಲೆ ಸ್ವಲ್ಪ ದೂರದಲ್ಲಿ ಒಂಟಿ ಚುಕ್ಕೆ. "ತಾಯಿ ಹೊಟ್ಟೇಲಿರೋವಾಗಲೇ ಒಂದೊಂದು ಗ್ರಂಥಿ ದಾರಿ ತಪ್ಪಿ ಎದೆಗೆ ಇಳಿದುಬಿಡತ್ತೆ. ನಿಮ್ಮದು ಹಾಗಾಗಿದೆ," ಎಂದರು. ಆಮೇಲೆ ಚಿತ್ರ ಕೆಳಗಿಟ್ಟು, "ನಾನು ನಿಮ್ಮ ಕತ್ತು ಪೂರ್ತಿ ಬಗೆದು ನೋಡಿದ್ರೂ ಇದು ಸಿಗ್ತಿರ್ಲಿಲ್ಲಮ್ಮ. ದನೀನೂ ಹೋಗಿ ಗಡ್ಡೇನೂ ಉಳೀತಿತ್ತು," ಎಂದರು.

ಉಬೋನ್ ಏನೋ ಕುಟುಕುತ್ತಾಳೆ ಎಂದು ಕೇಸೋನ್ ಕಾದಳು. ಅವಳು ಕೊರಳ ತಾಯತವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಆ ಚುಕ್ಕೆಯನ್ನೇ ನೋಡುತ್ತಿದ್ದಳು.

ಆಪರೇಷನ್ ದಿನವೂ ತಾಯತ ಉಬೋನಳ ಕೊರಳಲ್ಲೇ ಇತ್ತು. ಎದೆಯ ಮೂಳೆಯ ಮೇಲಂಚಿನಲ್ಲಿ ಸಣ್ಣ ಗಾಯ ಮಾಡಿ, ಒಳಗಿನದನ್ನು ಮೆಲ್ಲಗೆ ಮೇಲಕ್ಕೆ ಎಳೆದು ಗಡ್ಡೆ ತೆಗೆದರು. ದನಿಯ ನರದ ತಂಟೆಗೆ ಹೋಗಬೇಕಾಗಲಿಲ್ಲ. ಶೀಶೆಯಲ್ಲಿಟ್ಟು ತೋರಿಸಿದಾಗ ಅದು ಸಿಪ್ಪೆ ಸುಲಿದ ಕಡಲೆಕಾಯಿ ಬೀಜದಷ್ಟಿತ್ತು. ಇಷ್ಟಕ್ಕೇ ಇಷ್ಟು ಗೋಳಾಡಿದೆಯಾ ಎಂದು ಉಬೋನ್ ಕೇಳಿದಳು. ಸಂಜೆಗೆ ರಕ್ತದ ಸುಣ್ಣ ಇಳಿಯಿತು. ಮರುದಿನ ಎಷ್ಟು ಇಳಿಯಿತೆಂದರೆ ಬೆರಳ ತುದಿ ಜುಮುಗುಟ್ಟಿ, ಸುಣ್ಣದ ಮಾತ್ರೆ ನುಂಗಲು ಕೊಟ್ಟರು. ಹಸಿದಿದ್ದ ಮೂಳೆಗಳು ಸಿಕ್ಕಿದ್ದೆಲ್ಲ ಹೀರಿಕೊಳ್ಳುತ್ತಿವೆ ಎಂದು ನರ್ಸ್ ಹೇಳಿದಳು.

"ನೋಡಿದ್ಯಾ, ನಿಮ್ಮಮ್ಮನ ಸುಣ್ಣದ ಡಬ್ಬೀನೇ ಸಾಕಾಗಿತ್ತು," ಎಂದಳು ಉಬೋನ್.

ಡಾಕ್ಟರ್ ಬಂದು, ಏನಾದರೂ ಮಾತಾಡಿ ಅಮ್ಮಾ, ದನಿ ನೋಡೋಣ ಎಂದರು. ಆಪರೇಷನ್ನಿನಲ್ಲಿ ಕೊಳವೆ ಹಾಕಿದ್ದ ಗಂಟಲು ಇನ್ನೂ ಉರಿಯುತ್ತಿತ್ತು. ಕೇಸೋನ್ ಎಂಜಲು ನುಂಗಿ, ಮೆತ್ತೆಗೆ ಒರಗಿ, ಕಣ್ಣು ಮುಚ್ಚಿದಳು.

"ಸತೋ ಬಂತು, ಸತೋ. ತಿಂದವ್ರ ಬಾಯಿ ನಾರತ್ತೆ."

ವಾರ್ಡಿನ ಆ ತುದಿಯಲ್ಲಿದ್ದ ಅಜ್ಜಿಯೊಬ್ಬಳು ಎದ್ದು ಕುಳಿತು, ಹೇಗೆ ಕೊಟ್ಟೆ ಎಂದು ಕೇಳಿದಳು. ಉಬೋನ್ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಕೇಸೋನಳಿಗೂ ತಡೆಯಲಾಗಲಿಲ್ಲ. ಗಾಯ ನೋಯುತ್ತದೆ, ಅಳಬೇಡಿ ಎಂದು ನರ್ಸ್ ಗದರಿದಳು.

ಗಾಯ ಮಾಗಿ ಮತ್ತೆ ಗಾಡಿ ಹೊರಟ ದಿನ, ಸಂತೆ ಮುಗಿಸಿ ಚೀಲಗಳನ್ನೆಲ್ಲ ಕಟ್ಟಿದ ಮೇಲೆ, ಉಬೋನ್ ಗಾಡಿ ಶುರುಮಾಡದೆ ಕುಳಿತಳು. ಕೊರಳಿಂದ ದಾರ ಬಿಚ್ಚಿ, ತಾಯತವನ್ನು ಹಣೆಗೊತ್ತಿಕೊಂಡು, ಎರಡೂ ಕೈಯಲ್ಲಿ ಅತ್ತಿಗೆಯ ಕಡೆ ಚಾಚಿದಳು.

"ತಗೋ. ವಾಪಸ್ ಕೊಡಲ್ಲ ಅಂದಿದ್ದೆ. ಕೊಡ್ತಿದ್ದೀನಿ."

ಕೇಸೋನ್ ತಾಯತವನ್ನು ಕೈಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಅದರ ಅಂಚು ಸವರಿದಳು. ಕ್ಲಾಯ್ ಬಡಿದ ಸುತ್ತಿಗೆಯ ತಗ್ಗು ಒಂದು ಕಡೆ ಇತ್ತು, ಅದು ಅವಳಿಗೆ ಕತ್ತಲಲ್ಲೂ ಸಿಗುತ್ತಿತ್ತು. 

"ಕತ್ತು ಬಗ್ಗಿಸು," ಎಂದಳು ಆಮೇಲೆ.

"ಅತ್ತಿಗೆ..."

"ಬಗ್ಗಿಸು ಅಂದೆ. ನನ್ನ ಹುಡುಕಬೇಕಾದವರು ಹುಡುಕಿದ್ದಾಯ್ತು. ನಿಮ್ಮಣ್ಣನಿಗೆ ಇರೋಳು ಒಬ್ಳೇ ತಂಗಿ."

ಮಚ್ಚೆಯ ಮೇಲೆ ಗಂಟು ಬರುವ ಹಾಗೆ ಅವಳು ದಾರ ಕಟ್ಟಿದಳು. ಉಬೋನ್ ಆ ಗಂಟನ್ನು ಒಮ್ಮೆ ಮುಟ್ಟಿ ನೋಡಿ ಗಾಡಿ ಶುರುಮಾಡಿದಳು. ಕಾಲುವೆ ಹತ್ತಿರ ಬಂದಾಗ ಕೇಸೋನ್ ಮೈಕು ಎತ್ತಿಕೊಂಡಳು.

"ಗಾಡಿ ಬಂತು, ಗಾಡಿ. ಏ ಮಾಲೀ, ಬಟ್ಟಲು ತಗೊಂಡು ಬಾ. ಇವತ್ತಿಂದ ಗಾಡಿ ಓಡಿಸೋಳು ಯಾರ ಕಣ್ಣಿಗೂ ಕಾಣಲ್ಲ. ಹೆದರ್ಕೋಬೇಡಿ, ಪಕ್ಕದಲ್ಲಿ ನಾನಿದ್ದೀನಿ."